ಮಾಜಿ ಸೈನಿಕನಿಗೆ ಚೀನಾದ ಪ್ರವಾಸಿ ವೀಸಾ ಸಿಗುತ್ತಾ?

ಪ್ರಶ್ನೆ: ನಾನು ಸೇನೆಯಿಂದ ಸುಬೇದಾರ್ ಆಗಿ ನಿವೃತ್ತನಾದವನು. ಈಗ ಕುಶಾಲನಗರದ ಹತ್ತಿರ ಸ್ವಲ್ಪ ಕಾಫಿ ತೋಟ, ಒಂದು ಹೋಮ್‌ಸ್ಟೇ ಇದೆ. ನನಗೂ ಹೆಂಡತಿಗೂ ಚೀನಾ ನೋಡುವ ಆಸೆ. ಬೀಜಿಂಗ್, ಮಹಾಗೋಡೆ, ಶಾಂಘೈ ಇಷ್ಟು ಸಾಕು. ಮಗಳೂ ಬರುತ್ತಾಳೆ. ಅವಳು ಹುಟ್ಟಿದ್ದು ನಾನು ಅರುಣಾಚಲದಲ್ಲಿ ಪೋಸ್ಟಿಂಗ್‌ನಲ್ಲಿದ್ದಾಗ. ಏಜೆಂಟ್ ಒಬ್ಬರು ‘ಆರ್ಮಿ ಅಂತ ಬರೆದರೆ ವೀಸಾ ಬರಲ್ಲ, ಬರೀ ಕೃಷಿಕ ಅಂತ ಹಾಕೋಣ’ ಎನ್ನುತ್ತಾರೆ. ಜೊತೆಯಲ್ಲಿ ಕೆಲಸ ಮಾಡಿದವರು ‘ಗಲ್ವಾನ್ ಆದ ಮೇಲೂ ಅಲ್ಲಿಗೆ ಯಾಕೆ ಹೋಗ್ತೀಯ’ ಎಂದು ಕೇಳುತ್ತಾರೆ. ಹೆಂಡತಿಗೆ ಇದೇ ಪ್ರವಾಸದಲ್ಲಿ ಟಿಬೆಟ್, ಕೈಲಾಸವನ್ನೂ ನೋಡಬಹುದೇ ಎಂಬ ಪ್ರಶ್ನೆ. ದಯವಿಟ್ಟು ಸರಿಯಾದ ದಾರಿ ತಿಳಿಸಿ.

ಉತ್ತರ: ಚೀನಾದ ಪ್ರವಾಸಿ ವೀಸಾ ಭಾರತೀಯರಿಗೆ ಈಗ ಸಿಗುತ್ತಿದೆ. ಮಾಜಿ ಸೈನಿಕರಿಗೆ ಕೊಡುವುದಿಲ್ಲ ಎಂಬ ನಿಯಮವನ್ನು ಅವರು ಎಲ್ಲೂ ಪ್ರಕಟಿಸಿಲ್ಲ. ನಿಮ್ಮ ಅರ್ಜಿಯನ್ನು ಬೇರೆಯವರ ಅರ್ಜಿಗಿಂತ ಜಾಸ್ತಿ ಹೊತ್ತು ನೋಡಬಹುದು. ಇನ್ನಷ್ಟು ಕಾಗದ ಕೇಳಬಹುದು. ಆಗಲ್ಲ ಎಂದೂ ಹೇಳಬಹುದು. ಆದರೆ ಏಜೆಂಟ್ ಹೇಳಿದ ದಾರಿ ಮಾತ್ರ ಬೇಡವೇ ಬೇಡ. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ನಿಮ್ಮ ಸೇನೆಯ ನೌಕರಿಯಲ್ಲ, ಮಗಳು ಹುಟ್ಟಿದ ಊರು. ಅದನ್ನು ಮುಂದೆ ಬಿಡಿಸಿ ಬರೆಯುತ್ತೇನೆ.

ಎರಡು ದೇಶಗಳ ಸಂಬಂಧ ಹದಗೆಟ್ಟಿದೆ ಎಂದರೆ ವೀಸಾ ಇಲ್ಲ ಎಂದೇ ನಮ್ಮಲ್ಲಿ ಹಲವರು ತಿಳಿಯುತ್ತಾರೆ. ಹಾಗಲ್ಲ. ಸಂಬಂಧ ಕೆಡುವುದರಲ್ಲೂ ಬೇರೆ ಬೇರೆ ಬಗೆ ಇದೆ. ಪಾಕಿಸ್ತಾನದ ವಿಷಯದಲ್ಲಿ ಬಾಗಿಲೇ ಮುಚ್ಚಿದೆ. ಮೊದಲೂ ನಮ್ಮವರು ಸುಮ್ನೆ ಲಾಹೋರ್ ನೋಡಿ ಬರುತ್ತೇವೆ ಎಂದರೆ ವೀಸಾ ಸಿಗುವುದು ಬಹಳ ಕಷ್ಟವಿತ್ತು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಅಟಾರಿ ಗಡಿ ಠಾಣೆ ಮುಚ್ಚಿತು, ಸಾರ್ಕ್ ವೀಸಾ ಸೌಲಭ್ಯ ನಿಂತಿತು, ವಿಮಾನಗಳಿಗೆ ಆಕಾಶವೂ ಮುಚ್ಚಿತು. 1974ರ ಒಪ್ಪಂದದ ಕೆಳಗೆ ಸಿಖ್ ಯಾತ್ರಿಕರ ಗುಂಪು ಹೋಗುವಷ್ಟು ಕಿಂಡಿ ಮಾತ್ರ ಆಗಾಗ ತೆರೆಯುತ್ತದೆ.

ಕೆನಡಾದ ಕಥೆ ಬೇರೆ. ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಅಲ್ಲಿದ್ದಾರೆ, ಹಾಗಾಗಿ 2023ರ ಗಲಾಟೆ ನಿಮಗೂ ನೆನಪಿರಬಹುದು. ಆ ಸೆಪ್ಟೆಂಬರ್ 21ಕ್ಕೆ ಕೆನಡಾದವರಿಗೆ ವೀಸಾ ಕೊಡುವುದನ್ನು ನಿಲ್ಲಿಸಿದ್ದು ಭಾರತ. ಮುಂದಿನ ತಿಂಗಳು ಕೆನಡಾ ತನ್ನ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಂಡಿತು. ಬೆಂಗಳೂರಿನ ಅವರ ಕಚೇರಿಯಲ್ಲಿ ಮುಖತಃ ಸೇವೆ ನಿಂತಿತು. ಆದರೆ ನಮ್ಮವರ ಅರ್ಜಿಗಳನ್ನು ತೆಗೆದುಕೊಳ್ಳುವುದು ನಿಲ್ಲಲೇ ಇಲ್ಲ. ನಿಧಾನವಾಯಿತು, ಅಷ್ಟೇ.

ಚೀನಾ ಮೂರನೇ ಬಗೆ. ಕೌಂಟರ್ ತೆರೆದಿದೆ, ಆದರೆ ಗುಮಾನಿ ಪೂರ್ತಿ ಹೋಗಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಅವರು ಬಾಗಿಲು ಹಾಕಿದರು. ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಆಮೇಲೆ ವರ್ಷಗಟ್ಟಲೆ ನೇರ ವಿಮಾನವೂ ಇರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಗಡಿ ಗಸ್ತಿನ ಬಗ್ಗೆ ಒಪ್ಪಂದವಾದ ಮೇಲೆ ಬಿಗಿ ಸಡಿಲವಾಗುತ್ತಾ ಬಂತು. 2025ರ ಜನವರಿ 1ರಿಂದ ಏಪ್ರಿಲ್ 9ರ ಒಳಗೆ ಭಾರತೀಯರಿಗೆ 85,000ಕ್ಕೂ ಹೆಚ್ಚು ವೀಸಾ ಕೊಟ್ಟಿದ್ದೇವೆ ಎಂದು ಅವರ ರಾಯಭಾರಿಯೇ ಹೇಳಿದರು. ಚೀನಾದ ಪ್ರವಾಸಿಗರಿಗೆ ನಮ್ಮ ಸರ್ಕಾರ ವೀಸಾ ಕೊಡಲು ಶುರು ಮಾಡಿದ್ದು 2025ರ ಜುಲೈ 24ಕ್ಕೆ. ಅಕ್ಟೋಬರ್ 26ಕ್ಕೆ ಕೋಲ್ಕತ್ತದಿಂದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಹಾರಿತು. ಇದೆಲ್ಲ ಯಾಕೆ ಹೇಳಿದೆ ಎಂದರೆ, ಟಿವಿ ಚರ್ಚೆ ನೋಡಿ ವೀಸಾದ ಲೆಕ್ಕ ಹಾಕಬಾರದು. ಕೌಂಟರ್‌ನಲ್ಲಿ ಕೂತವರು ನೋಡುವುದು ನಿಮ್ಮ ಫೈಲನ್ನು. ಅದು ಸ್ವಚ್ಛವಾಗಿರಬೇಕು. ಸಂಬಂಧ ಬಿಗಿಯಾಗಿದ್ದಾಗಲಂತೂ ಇನ್ನೂ ಸ್ವಚ್ಛವಾಗಿರಬೇಕು.

ಈಗ ಫಾರ್ಮ್‌ಗೆ ಬರೋಣ. ಏಜೆಂಟರ ಸಲಹೆ ಎಲ್ಲಿಂದ ಹುಟ್ಟಿತು ಎಂದು ನಾನು ಊಹಿಸಬಲ್ಲೆ. ಚೀನಾದ ಅರ್ಜಿಯಲ್ಲಿ ಕೆಲಸದ ವಿವರ ಕೇಳುವುದು ಕಳೆದ ಐದು ವರ್ಷದ್ದು. ನೀವು ಅದಕ್ಕಿಂತ ಮುಂಚೆ ನಿವೃತ್ತರಾಗಿದ್ದರೆ ಆ ಕಾಲಂನಲ್ಲಿ ತೋಟ, ಹೋಮ್‌ಸ್ಟೇ ಮಾತ್ರ ಬರೆದರೂ ಅದು ನಿಜವೇ. ಆದರೆ ಫಾರ್ಮ್ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಭಾಗದಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸುವ ಪ್ರಶ್ನೆಗಳ ಸಾಲು ಇದೆ. ಹಿಂದೆ ವೀಸಾ ನಿರಾಕರಣೆ ಆಗಿದೆಯಾ, ಕ್ರಿಮಿನಲ್ ಕೇಸ್ ಇದೆಯಾ, ಹೀಗೆ. ಆ ಸಾಲಿನಲ್ಲೇ ‘ಸೇನೆಯಲ್ಲಿ ಇದ್ದೀರಾ ಅಥವಾ ಹಿಂದೆ ಇದ್ದಿರಾ’ ಎಂಬ ಪ್ರಶ್ನೆಯೂ ಇದೆ. ಹೌದು ಎಂದರೆ ಯಾವ ದೇಶದ ಸೇನೆ, ಯಾವ ವಿಭಾಗ, ಯಾವ ರ‍್ಯಾಂಕ್, ಎಂದಿನಿಂದ ಎಂದಿನವರೆಗೆ ಎಂದು ಕೇಳುತ್ತದೆ. ಇದಕ್ಕೆ ಐದು ವರ್ಷದ ಮಿತಿ ಇಲ್ಲ. ಇಲ್ಲಿ ‘ಇಲ್ಲ’ ಎಂದು ಹಾಕಿದರೆ ಅದು ಶುದ್ಧ ಸುಳ್ಳು.

ಸುಳ್ಳು ಯಾಕೆ ಬೇಡ? ನೀವು ಸೈನಿಕರಾಗಿದ್ದುದು ಗುಟ್ಟಲ್ಲ. ಪಿಂಚಣಿ ರಕ್ಷಣಾ ಇಲಾಖೆಯ ಸ್ಪರ್ಶ್ ವ್ಯವಸ್ಥೆಯ ಮೂಲಕ ಬ್ಯಾಂಕಿಗೆ ಬರುತ್ತದೆ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಪ್ರತಿ ತಿಂಗಳೂ ಆ ಸಾಲು ಕಾಣುತ್ತದೆ. ಅದೇ ಸ್ಟೇಟ್‌ಮೆಂಟನ್ನು ನೀವೇ ಅರ್ಜಿಗೆ ಲಗತ್ತಿಸುತ್ತೀರಿ, ಅಲ್ವಾ? ಫೇಸ್‌ಬುಕ್‌ನಲ್ಲಿ ಮೆಡಲ್ ಹಾಕಿಕೊಂಡ ಫೋಟೊ ಇರಬಹುದು. ಸುಳ್ಳು ಸಿಕ್ಕಿಬಿದ್ದರೆ ‘ಮಾಜಿ ಸೈನಿಕ’ ಎಂಬ ಸಾಮಾನ್ಯ ಸಂಗತಿ ‘ಸೇನೆಯ ಹಿನ್ನೆಲೆ ಮುಚ್ಚಿಟ್ಟು ಬಂದ ಭಾರತೀಯ’ ಎಂದಾಗಿಬಿಡುತ್ತದೆ. ವೀಸಾ ನಿರಾಕರಿಸಿದರೆ ನಷ್ಟ ಸ್ವಲ್ಪ ಹಣ. ವೀಸಾ ಸಿಕ್ಕಿ, ಬೀಜಿಂಗ್‌ನಲ್ಲಿ ಇಳಿದ ಮೇಲೆ ಇದು ಹೊರಬಂದರೆ ನೀವು ಬಿಡಿಸಿಕೊಳ್ಳಬೇಕಾದ ಗಂಟು ಬೇರೆಯದೇ. ಆ ಹೊತ್ತಿಗೆ ಏಜೆಂಟ್ ಫೋನ್ ಎತ್ತುವುದಿಲ್ಲ. ಫಾರ್ಮ್‌ನ ಕೆಳಗೆ ಸಹಿ ನಿಮ್ಮದೇ.

ಉತ್ತರ ಉದ್ದ ಬೇಡ. ಭಾರತೀಯ ಸೇನೆ, ಸುಬೇದಾರ್, ಸೇರಿದ ವರ್ಷ, ನಿವೃತ್ತಿಯ ವರ್ಷ. ಕೇಳಿದಷ್ಟು ಮಾತ್ರ. ಎಲ್ಲಿ ಪೋಸ್ಟಿಂಗ್ ಇತ್ತು, ಯಾವ ಕಾರ್ಯಾಚರಣೆಯಲ್ಲಿದ್ದಿರಿ ಎಂದು ಕವರ್ ಲೆಟರ್‌ನಲ್ಲಿ ಕಥೆ ಬರೆಯಬೇಡಿ. ಅದನ್ನು ಹೇಳದಿರುವುದು ನಿಮ್ಮ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಅಧಿಕೃತ ರಹಸ್ಯ ಕಾಯ್ದೆ ನಿವೃತ್ತಿಯಾದ ದಿನಕ್ಕೆ ಮುಗಿಯುವುದಿಲ್ಲ. ಯಾರಾದರೂ ಹೆಚ್ಚಿನ ವಿವರ ಕೇಳಿದರೆ, ಹೇಳಲು ಬರುವುದಿಲ್ಲ ಎಂದು ನೇರವಾಗಿ ಹೇಳಿ. ವೀಸಾ ಬರದಿದ್ದರೆ ಬರದೇ ಇರಲಿ. ಇನ್ನೊಂದು ಮಾತು: ನಿವೃತ್ತಿಯ ನಂತರ ನೀವು ಡಿಎಸ್‌ಸಿಯಲ್ಲಿ (ರಕ್ಷಣಾ ಭದ್ರತಾ ಪಡೆ) ಮರುಸೇವೆಯಲ್ಲಿದ್ದರೆ ಅಥವಾ ರಿಸರ್ವ್ ಹೊಣೆ ಇನ್ನೂ ಬಾಕಿ ಇದ್ದರೆ ಮೊದಲು ನಿಮ್ಮ ರೆಕಾರ್ಡ್ ಆಫೀಸಿಗೆ ಬರೆದು ಕೇಳಿ. ಆ ಉತ್ತರ ಬರುವ ತನಕ ವೀಸಾದ ಮಾತೇ ಬೇಡ.

ಅದೇ ಸಾಲಿನಲ್ಲಿ ಕೊಡಗಿನವರು ತಡವರಿಸುವ ಇನ್ನೊಂದು ಪ್ರಶ್ನೆ ಇದೆ. ಬಂದೂಕು, ಸ್ಫೋಟಕ, ಅಣು, ಜೈವಿಕ ಅಥವಾ ರಾಸಾಯನಿಕ ವಸ್ತುಗಳಲ್ಲಿ ವಿಶೇಷ ಪರಿಣತಿ ಇದೆಯಾ ಎಂದು ಕೇಳುತ್ತಾರೆ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಶಸ್ತ್ರ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಮನೆಯಲ್ಲಿ ಕೋವಿ ಇದೆ, ಕೈಲ್ ಪೊಳ್ದ್‌ಗೆ ಪೂಜೆ ಮಾಡುತ್ತೇವೆ, ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ ಎಂದಮಾತ್ರಕ್ಕೆ ಅದು ವಿಶೇಷ ಪರಿಣತಿ ಅಲ್ಲ. ನಿಮ್ಮ ಹೆಂಡತಿ ಇಲ್ಲಿ ನಿಶ್ಚಿಂತೆಯಿಂದ ‘ಇಲ್ಲ’ ಎನ್ನಬಹುದು. ನಿಮ್ಮ ವಿಷಯ ಹಾಗಲ್ಲ. ಸೇನೆಯಲ್ಲಿ ಶಸ್ತ್ರ ತರಬೇತಿ ಆಗಿಯೇ ಇರುತ್ತದೆ. ಸೇನಾ ಸೇವೆಯ ಉತ್ತರದ ಜೊತೆ ಹೊಂದುವಂತೆ ‘ಸೇವೆಯಲ್ಲಿದ್ದಾಗ ಸಾಮಾನ್ಯ ಶಸ್ತ್ರ ತರಬೇತಿ’ ಎಂದು ಒಂದು ಸಾಲು ಬರೆಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎರಡು ಉತ್ತರ ಒಂದಕ್ಕೊಂದು ಹೊಡೆದಾಡಬಾರದು.

ಸಂಘಸಂಸ್ಥೆಗಳಲ್ಲಿ ಕೆಲಸ ಮಾಡಿದ್ದೀರಾ ಎಂದೂ ಕೇಳುತ್ತಾರೆ. ಮಾಜಿ ಸೈನಿಕರ ಸಂಘ, ಕೊಡವ ಸಮಾಜ, ಬೆಳೆಗಾರರ ಸಂಘ, ಯಾವುದರಲ್ಲಾದರೂ ಪದಾಧಿಕಾರಿ ಆಗಿದ್ದರೆ ಹೆಸರು, ಹುದ್ದೆ ಬರೆದುಬಿಡಿ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ಕೊಡಗಿನ ಅರ್ಜಿಗಳಲ್ಲಿ ನಾನು ಜಾಸ್ತಿ ತೊಡಕು ನೋಡಿದ್ದು ರಾಜಕೀಯದಲ್ಲಲ್ಲ, ಹೆಸರಿನಲ್ಲಿ. ಮನೆತನದ ಹೆಸರು ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಇರುತ್ತದೆ. ಡಿಸ್ಚಾರ್ಜ್ ಬುಕ್‌ನಲ್ಲಿ ಬರೀ ಇನಿಷಿಯಲ್. ಬ್ಯಾಂಕಿನಲ್ಲಿ ಸ್ಪೆಲಿಂಗ್ ಬೇರೆ. ಹೆಂಡತಿಯ ಆಧಾರ್‌ನಲ್ಲಿ ತವರುಮನೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಗಂಡನ ಮನೆಯದ್ದು. ಜಮ್ಮಾ ಜಾಗದ ಆರ್‌ಟಿಸಿಯಲ್ಲಿ ಇನ್ನೂ ಅಜ್ಜನ ಹೆಸರೋ ಮನೆತನದ ಹಿರಿಯ ಪಟ್ಟೇದಾರರ ಹೆಸರೋ ಕೂತಿರುತ್ತದೆ. ನಮಗೆ ಇದು ಸಹಜ. ಮುಂಬೈಯ ಚೀನಾ ಕಾನ್ಸುಲೇಟ್‌ನಲ್ಲಿ ಕೂತು ಕಾಗದ ನೋಡುವವರಿಗೆ ಇದು ನಾಲ್ಕು ಬೇರೆ ಬೇರೆ ಮನುಷ್ಯರ ದಾಖಲೆ. ಫಾರ್ಮ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಅಕ್ಷರ ಬಿಡದೆ ಬರೆಯಿರಿ. ಉಳಿದ ಕಾಗದಗಳಲ್ಲಿ ವ್ಯತ್ಯಾಸ ಇದ್ದರೆ, ಎಲ್ಲವೂ ಒಬ್ಬರದೇ ಎಂದು ನೋಟರಿಯಿಂದ ಅಫಿಡವಿಟ್ ಮಾಡಿಸಿ ಮೇಲೆ ಇಡಿ. ಆರ್‌ಟಿಸಿ ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಅದನ್ನು ಮುಖ್ಯ ದಾಖಲೆ ಮಾಡಬೇಡಿ. ನಿಮ್ಮ ಬಳಿ ಪಿಂಚಣಿ ಆದೇಶದ ಪ್ರತಿ ಇದೆ, ಅದು ಎಷ್ಟೋ ಗಟ್ಟಿ ದಾಖಲೆ. ತಿಂಗಳು ತಿಂಗಳು ಬರುವ ಪಿಂಚಣಿ, ಊರಲ್ಲಿ ತೋಟ, ನೋಂದಾಯಿತ ಹೋಮ್‌ಸ್ಟೇ. ವಾಪಸ್ ಬರುವ ಮನುಷ್ಯ ಎಂದು ತೋರಿಸಲು ಇನ್ನೇನು ಬೇಕು?

ಹಣದ ಕಾಗದದಲ್ಲಿ ಕಾಫಿಯ ಲೆಕ್ಕ ಒಂದು ಗೊಂದಲ ಮಾಡುತ್ತದೆ. ನೌಕರರಿಗೆ ಪ್ರತಿ ತಿಂಗಳು ಸಂಬಳ. ಬೆಳೆಗಾರರಿಗೆ ಹಾಗಲ್ಲ. ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ, ಆಮೇಲೆ ಒಮ್ಮೆಲೆ ದೊಡ್ಡ ಮೊತ್ತ ಖಾತೆಗೆ ಬೀಳುತ್ತದೆ. ಆರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಅದು, ವೀಸಾಕ್ಕೋಸ್ಕರ ಯಾರದೋ ಹಣ ತಂದು ಹಾಕಿದ ಹಾಗೆ ಕಾಣುತ್ತದೆ. ಅದಕ್ಕೆ ವ್ಯಾಪಾರಿಯ ಅಥವಾ ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಬಿಲ್ ಜೊತೆಗಿಡಿ, ಆ ಮೊತ್ತದ ಪಕ್ಕ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆದಾಯ ತೆರಿಗೆ ರಿಟರ್ನ್ ಕೇಳಿದರೂ ಗಾಬರಿ ಬೇಡ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದು ಕ್ಯೂರಿಂಗ್ ಮಾಡಿ ಮಾರಿದ ಕಾಫಿಯ ಆದಾಯದಲ್ಲಿ ಶೇ 25 ಭಾಗಕ್ಕೆ ತೆರಿಗೆ ಲೆಕ್ಕ ಬರುತ್ತದೆ. ಹಣ್ಣನ್ನೋ ಚೆರಿಯನ್ನೋ ಹಾಗೆಯೇ ಮಾರುವವರ ರಿಟರ್ನ್‌ನಲ್ಲಿ ಮೊತ್ತ ಚಿಕ್ಕದಾಗಿ ಕಂಡರೆ ಅದು ತಪ್ಪಲ್ಲ. ಕವರ್ ಲೆಟರ್‌ನಲ್ಲಿ ಎರಡು ಸಾಲು ವಿವರಿಸಿ. ಆ ಅಧಿಕಾರಿಗೆ ಕಾಫಿ ಕೊಯ್ಲು ಗೊತ್ತಿರಬೇಕೆಂದೇನೂ ಇಲ್ಲ.

ಕರ್ನಾಟಕದವರ ಅರ್ಜಿ ಹೋಗುವುದು ಮುಂಬೈಯ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ. ಬೆಂಗಳೂರಿನಲ್ಲಿ ಅವರ ಕಾನ್ಸುಲೇಟ್ ಇಲ್ಲ. ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು, ಖಾಲಿ ಪುಟಗಳಿರಬೇಕು. ಫೋಟೊ 33 ಮಿ.ಮೀ. ಅಗಲ, 48 ಮಿ.ಮೀ. ಎತ್ತರ, ಬಿಳಿ ಹಿನ್ನೆಲೆ. ನಮ್ಮ ಸ್ಟುಡಿಯೊಗಳು ಕೊಡುವ ಸಾಮಾನ್ಯ ಪಾಸ್‌ಪೋರ್ಟ್ ಫೋಟೊ ಅಳತೆ ಬೇರೆ, ಮೊದಲೇ ಹೇಳಿ ತೆಗೆಸಿ. ಕಡಿಮೆ ಅವಧಿಯ ಪ್ರವಾಸಕ್ಕೆ ಬೆರಳಚ್ಚು ವಿನಾಯಿತಿ ಕೊಡುತ್ತಾ ಬಂದಿದ್ದಾರೆ. ನೀವು ಅರ್ಜಿ ಹಾಕುವ ವಾರ ಅದು ಜಾರಿಯಲ್ಲಿದೆಯಾ ಎಂದು ವೀಸಾ ಕೇಂದ್ರದ ಪ್ರಕಟಣೆಯಲ್ಲೇ ನೋಡಿ, ಏಜೆಂಟರ ವಾಟ್ಸ್ಆಪ್ ಮೆಸೇಜ್‌ನಲ್ಲಿ ಅಲ್ಲ. ಟಿಕೆಟ್, ಹೋಟೆಲ್ ಬುಕಿಂಗ್ ಬೇಕಾಗುತ್ತದೆ. ಎರಡನ್ನೂ ರದ್ದು ಮಾಡಿದರೆ ಹಣ ವಾಪಸ್ ಬರುವ ರೀತಿಯಲ್ಲೇ ಮಾಡಿ. ಈ ಒಂದು ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಂಬಂಧ ಬಿಗಿಯಿರುವ ದೇಶಕ್ಕೆ ಹೋಗುವಾಗ ವೀಸಾ ಕೈಗೆ ಬಂದ ಮೇಲೂ ಪರಿಸ್ಥಿತಿ ತಿರುಗಬಹುದು.

ಈಗ ಮಗಳ ವಿಷಯ. ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಸ್ಥಳ ಅರುಣಾಚಲ ಪ್ರದೇಶ ಎಂದಿದ್ದರೆ, ಅದು ನಿಮ್ಮ ಸುಬೇದಾರ್ ರ‍್ಯಾಂಕ್‌ಗಿಂತ ದೊಡ್ಡ ತೊಡಕು. ಅರುಣಾಚಲ ತನ್ನದು ಎಂದು ಚೀನಾ ಹೇಳಿಕೊಳ್ಳುತ್ತದೆ. ಹಾಗಾಗಿ ಅಲ್ಲಿನವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯ ವೀಸಾ ಅಂಟಿಸದೆ, ಬೇರೆ ಹಾಳೆಯಲ್ಲಿ ಬರೆದು ಪಿನ್ ಹೊಡೆದು ಕೊಟ್ಟ ಉದಾಹರಣೆಗಳಿವೆ. ಇದಕ್ಕೆ ಸ್ಟೇಪಲ್ಡ್ ವೀಸಾ ಎನ್ನುತ್ತಾರೆ. 2023ರ ಜುಲೈನಲ್ಲಿ ಅರುಣಾಚಲದ ವುಶು ಆಟಗಾರ್ತಿಯರಿಗೆ ಹೀಗೇ ಆಯಿತು. ಭಾರತ ಪ್ರತಿಭಟಿಸಿತು, ತಂಡ ಹೋಗಲಿಲ್ಲ. ಸ್ಟೇಪಲ್ಡ್ ವೀಸಾವನ್ನು ನಮ್ಮ ಸರ್ಕಾರ ಒಪ್ಪುವುದಿಲ್ಲ. ನಮ್ಮದೇ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್‌ನವರು ತಡೆಯುತ್ತಾರೆ.

2025ರ ನವೆಂಬರ್‌ನಲ್ಲಿ ಇನ್ನೂ ಕೆಟ್ಟದ್ದಾಯಿತು. ಅರುಣಾಚಲದಲ್ಲಿ ಹುಟ್ಟಿದ, ಬ್ರಿಟನ್‌ನಲ್ಲಿ ನೆಲೆಸಿದ ಭಾರತೀಯ ಮಹಿಳೆಯೊಬ್ಬರು ಜಪಾನಿಗೆ ಹೋಗುತ್ತಾ ಶಾಂಘೈಯಲ್ಲಿ ವಿಮಾನ ಬದಲಿಸಲು ಇಳಿದಿದ್ದರು. ಅವರ ಪಾಸ್‌ಪೋರ್ಟ್ ಮಾನ್ಯವಲ್ಲ ಎಂದು ಅಲ್ಲಿನ ಅಧಿಕಾರಿಗಳು ಗಂಟೆಗಟ್ಟಲೆ ಕೂರಿಸಿಬಿಟ್ಟರು ಎಂದು ಅವರು ಹೇಳಿದರು. ಭಾರತ ಬಲವಾಗಿ ಆಕ್ಷೇಪಿಸಿತು. ಚೀನಾ ಆರೋಪ ಒಪ್ಪಲಿಲ್ಲ. ಆಮೇಲೆ ಚೀನಾಕ್ಕೆ ಹೋಗುವಾಗ ಅಥವಾ ಅಲ್ಲಿ ವಿಮಾನ ಬದಲಿಸುವಾಗ ಎಚ್ಚರ ಇರಲಿ ಎಂದು ನಮ್ಮ ವಿದೇಶಾಂಗ ಇಲಾಖೆಯೇ ಹೇಳಿತು.

ಸೇನೆಯ ಮನೆಗಳಲ್ಲಿ ಮಕ್ಕಳು ಎಲ್ಲೆಲ್ಲೋ ಹುಟ್ಟುತ್ತಾರೆ. ಅಪ್ಪನ ಪೋಸ್ಟಿಂಗ್ ಎಲ್ಲಿಯೋ ಅಲ್ಲಿ. ನಿಮ್ಮ ಮಗಳ ಊರು ಕೊಡಗು, ವಿಳಾಸ ಕೊಡಗು, ಹೆಸರು ಕೊಡಗಿನದು. ಆದರೂ ಆ ಒಂದು ಕಾಲಂ ಸಾಕು. ಅವಳಿಗೆ ಸಾಮಾನ್ಯ ವೀಸಾ ಸಿಗಲೂಬಹುದು. ಆದರೆ ಸಿಕ್ಕಿದ ಮೇಲೂ ಇಳಿಯುವ ಜಾಗದಲ್ಲಿ ಯಾರು ಏನು ಕೇಳುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ನನ್ನ ಸಲಹೆ ನೇರ: ಈ ಸಲ ಮಗಳನ್ನು ಕರೆದುಕೊಂಡು ಹೋಗಬೇಡಿ. ಅವಳು ಹಟ ಮಾಡಿದರೆ ಅವಳ ಅರ್ಜಿಯನ್ನು ನಿಮ್ಮದಕ್ಕಿಂತ ಮೊದಲೇ ಹಾಕಿ, ಫಲಿತಾಂಶ ನೋಡಿ ನೀವು ಹಾಕಿ. ಪಿನ್ ಹೊಡೆದ ಹಾಳೆ ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಮಗಳು ಬೇರೆ ಎಲ್ಲಿಗೋ ಹೋಗುವಾಗಲೂ ಶಾಂಘೈ, ಗುವಾಂಗ್‌ಝೌ ಮೂಲಕ ಅಗ್ಗದ ಟಿಕೆಟ್ ಸಿಕ್ಕಿತು ಎಂದು ಕೊಳ್ಳದಿರಲಿ. ಹುಟ್ಟಿದ ಸ್ಥಳವನ್ನು ಮಡಿಕೇರಿ ಎಂದು ಬದಲಿಸಿ ಹೊಸ ಪಾಸ್‌ಪೋರ್ಟ್ ಮಾಡಿಸೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪಾಸ್‌ಪೋರ್ಟ್‌ಗೆ ಸುಳ್ಳು ಮಾಹಿತಿ ಕೊಡುವುದು ನಮ್ಮ ಪಾಸ್‌ಪೋರ್ಟ್ ಕಾಯ್ದೆಯಲ್ಲೇ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅರುಣಾಚಲ ಭಾರತದ್ದು. ಅಲ್ಲಿ ಹುಟ್ಟಿದ್ದನ್ನು ನಮ್ಮ ಹುಡುಗಿ ಯಾಕೆ ಅಳಿಸಬೇಕು?

ವೀಸಾ ಬಂತು ಎಂದಿಟ್ಟುಕೊಳ್ಳಿ. ಅಂಟಿಸಿದ ಕಾಗದವನ್ನು ಅಲ್ಲೇ ಓದಿ. ಯಾವ ದಿನಾಂಕದೊಳಗೆ ಒಳಗೆ ಹೋಗಬೇಕು, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಹೋಗಬಹುದು ಎಂದು ಮೂರು ವಿಷಯ ಇರುತ್ತದೆ. ಒಂದೇ ಸಲ ಎಂದಿದ್ದರೆ ಮಧ್ಯೆ ಹಾಂಕಾಂಗ್ ನೋಡಿ ಬರುತ್ತೇವೆ ಎಂದು ಹೊರಡಬೇಡಿ. ಹಾಂಕಾಂಗ್‌ಗೆ ಕಾಲಿಟ್ಟರೆ ಚೀನಾದಿಂದ ಹೊರಗೆ ಹೋದ ಲೆಕ್ಕ, ಮತ್ತೆ ಒಳಗೆ ಬಿಡುವುದಿಲ್ಲ. ಹಾಂಕಾಂಗ್‌ಗೆ ಭಾರತೀಯರು ಬೇರೆಯೇ ಆನ್‌ಲೈನ್ ನೋಂದಣಿ ಮಾಡಬೇಕು, 2017ರಿಂದ ಈ ನಿಯಮ ಇದೆ.

ಹೊರಡುವ ಮುಂಚೆ ಬ್ಯಾಗು ಕೊಡವಿ ನೋಡಿ. ಇದನ್ನು ನಾನು ಕೊಡಗಿನವರಿಗೆ ಪ್ರತಿ ಸಲವೂ ಹೇಳುತ್ತೇನೆ. ತೋಟಕ್ಕೆ, ಹಬ್ಬಕ್ಕೆ ಬಳಸಿದ ಬ್ಯಾಗಿನ, ಬೇಟೆಯ ದಿನಗಳ ಹಳೆಯ ಜಾಕೆಟ್‌ನ ಯಾವುದೋ ಜೇಬಿನಲ್ಲಿ ಕೋವಿಯ ಒಂದು ಕಾಡತೂಸು ಉಳಿದಿರುತ್ತದೆ. ಕೋವಿಯ ವಿನಾಯಿತಿ ವಿಮಾನ ನಿಲ್ದಾಣದ ಸ್ಕ್ಯಾನರ್ ಮುಂದೆ ನಡೆಯುವುದಿಲ್ಲ. ಕಣ್ಣೂರಿನಲ್ಲೋ ಬೆಂಗಳೂರಿನಲ್ಲೋ ಸಿಕ್ಕರೆ ಪೊಲೀಸ್ ಕೇಸ್. ಚೀನಾದಲ್ಲಿ ಸಿಕ್ಕರೆ, ಮೊದಲೇ ಸೇನೆಯವರು ಎಂದು ಬರೆದಿರುವ ನಿಮಗೆ ಬಹಳ ಕಷ್ಟ. ಹೊಸ ಬ್ಯಾಗು ಕೊಳ್ಳುವುದು ಇನ್ನೂ ಒಳ್ಳೆಯದು.

ಮಾಜಿ ಸೈನಿಕರ ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡ್, ರೆಜಿಮೆಂಟ್ ಕ್ಯಾಪ್, ಹಸಿರು ಪ್ಯಾಂಟು ಮನೆಯಲ್ಲೇ ಇರಲಿ. ಇದು ಮುಚ್ಚಿಡುವುದಲ್ಲ. ಫಾರ್ಮ್‌ನಲ್ಲಿ ಹೇಳಿಯೇ ಹೋಗುತ್ತಿದ್ದೀರಿ. ಪ್ರವಾಸಕ್ಕೆ ಬೇಡದ್ದನ್ನು ಹೊತ್ತುಕೊಂಡು ಹೋಗಬೇಡಿ ಅಷ್ಟೇ. ಫೋನ್ ಬಗ್ಗೆ ಇನ್ನೂ ಜಾಸ್ತಿ ಎಚ್ಚರ. ಚೀನಾ ತನ್ನ ಗೂಢಚರ್ಯೆ ತಡೆ ಕಾನೂನನ್ನು 2023ರಲ್ಲಿ ಬಿಗಿ ಮಾಡಿತು. 2024ರ ಜುಲೈ 1ರಿಂದ ಅವರ ಭದ್ರತಾ ಅಧಿಕಾರಿಗಳು ಫೋನ್, ಲ್ಯಾಪ್‌ಟಾಪ್ ಪರಿಶೀಲಿಸುವ ನಿಯಮಗಳೂ ಜಾರಿಗೆ ಬಂದವು. ನಿಮ್ಮ ಹಳೇ ಯೂನಿಟ್ ಗ್ರೂಪಿನಲ್ಲಿ ಗಡಿಯ ಫೋಟೊ, ನಕ್ಷೆ, ಜೋರು ಮಾತು ಎಲ್ಲ ಬರುತ್ತಿರುತ್ತದೆ, ಅಲ್ವಾ? ಆ ಫೋನ್ ಮನೆಯಲ್ಲಿಟ್ಟು, ಖಾಲಿ ಫೋನ್ ಒಂದನ್ನು ತೆಗೆದುಕೊಂಡು ಹೋಗಿ. ಅಲ್ಲಿ ಪೊಲೀಸ್, ಸೇನೆ, ಬಂದರು, ಸೇತುವೆ ಕಾವಲಿನವರ ಫೋಟೊ ತೆಗೆಯಬೇಡಿ. ಡ್ರೋನ್ ಬೇಡ. ಪ್ರವಾಸಕ್ಕೆ ಮುಂಚೆಯೋ ಆಮೇಲೋ ಯಾರಾದರೂ ಆನ್‌ಲೈನ್‌ನಲ್ಲಿ ಪರಿಚಯ ಮಾಡಿಕೊಂಡು, ನಿಮ್ಮ ಸೇನಾ ಅನುಭವದ ಬಗ್ಗೆ ಲೇಖನ ಬರೆದರೆ ಹಣ ಕೊಡುತ್ತೇವೆ ಎಂದರೆ ಉತ್ತರ ಕೊಡದೆ ಬಿಟ್ಟುಬಿಡಿ. ನಿವೃತ್ತ ಸೈನಿಕರನ್ನು ಹಿಡಿಯುವ ಬಲೆ ಹೀಗೆಯೇ ಶುರುವಾಗುತ್ತದೆ.

ಹೋಮ್‌ಸ್ಟೇ ನಡೆಸುವ ನಿಮಗೆ ಒಂದು ವಿಷಯ ಬೇಗ ಅರ್ಥವಾಗುತ್ತದೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಅಧಿಕಾರಿಗಳಿಗೆ ಕೊಡಬೇಕು ಎಂದು ನಿಮಗೆ ಗೊತ್ತು. ಚೀನಾದಲ್ಲೂ ಹಾಗೆಯೇ. ಹೋಟೆಲ್‌ನಲ್ಲಿ ಉಳಿದರೆ ಅವರೇ ನೋಂದಾಯಿಸುತ್ತಾರೆ. ಸ್ನೇಹಿತರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ಪೊಲೀಸರಲ್ಲಿ ನೋಂದಾಯಿಸಬೇಕು. ವಿದೇಶಿಯರನ್ನು ಇಟ್ಟುಕೊಂಡು ರೂಢಿ ಇರುವ ಹೋಟೆಲ್‌ಗಳನ್ನೇ ಹುಡುಕಿ. ಯುಪಿಐ ಅಲ್ಲಿ ನಡೆಯುವುದಿಲ್ಲ. ಅಲಿಪೇ, ವೀಚಾಟ್ ಎರಡರಲ್ಲೂ ನಿಮ್ಮ ಅಂತರರಾಷ್ಟ್ರೀಯ ಕಾರ್ಡ್ ಜೋಡಿಸಬಹುದು, ಊರಲ್ಲಿದ್ದಾಗಲೇ ಜೋಡಿಸಿ ನೋಡಿ. ಗೂಗಲ್, ವಾಟ್ಸ್ಆಪ್ ಅಲ್ಲಿನ ವೈಫೈಯಲ್ಲಿ ತೆರೆಯುವುದಿಲ್ಲ. ತೊಂದರೆಯಾದರೆ ಬೀಜಿಂಗ್‌ನಲ್ಲಿ ನಮ್ಮ ರಾಯಭಾರ ಕಚೇರಿ ಇದೆ, ಶಾಂಘೈ ಮತ್ತು ಗುವಾಂಗ್‌ಝೌನಲ್ಲಿ ಕಾನ್ಸುಲೇಟ್ ಇದೆ. ಮೂರರ ತುರ್ತು ಸಂಖ್ಯೆಯನ್ನೂ ಕಾಗದದಲ್ಲಿ ಬರೆದು ಹೆಂಡತಿಯ ಪರ್ಸ್‌ನಲ್ಲಿ ಒಂದು, ನಿಮ್ಮ ಜೇಬಿನಲ್ಲಿ ಒಂದು ಇಟ್ಟುಕೊಳ್ಳಿ. ಫೋನ್ ಕೈಯಲ್ಲಿಲ್ಲದ ಹೊತ್ತಿಗೇ ಅದು ಬೇಕಾಗುವುದು.

ಸಮಯದ ಬಗ್ಗೆ: ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ಏಪ್ರಿಲ್ ನಿಮಗೂ ಬಿಡುವು, ಬೀಜಿಂಗ್‌ನಲ್ಲೂ ಹಿತವಾದ ಹವೆ. ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಅವರ ದೊಡ್ಡ ರಜೆ. ಮಹಾಗೋಡೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ನಿಮ್ಮ ಗೆಳೆಯರ ಮಾತಿಗೆ ಬರುತ್ತೇನೆ. ಕೊಡಗಿನಲ್ಲಿ ಸೈನಿಕರಿಲ್ಲದ ಕುಟುಂಬ ಹುಡುಕುವುದು ಕಷ್ಟ. ಜನರಲ್ ತಿಮ್ಮಯ್ಯನವರ ಊರು ಇದು. ಗಲ್ವಾನ್‌ನ ನೋವು ಇಲ್ಲಿ ಬೇರೆ ಊರುಗಳಿಗಿಂತ ಹತ್ತಿರದ್ದು. ಗೆಳೆಯರ ಸಿಟ್ಟು ನ್ಯಾಯವಾದದ್ದು. ಅದನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಆದರೆ ನಮ್ಮ ಸರ್ಕಾರ ಹೋಗಬೇಡಿ ಎಂದು ತಡೆದಿಲ್ಲ. ಒಂದು ದೇಶದ ಗೋಡೆ, ಅರಮನೆ, ಅಲ್ಲಿನ ಸಾಮಾನ್ಯ ಜನರನ್ನು ನೋಡಿ ಬರುವುದು ಆ ಸರ್ಕಾರವನ್ನು ಒಪ್ಪಿಕೊಂಡ ಹಾಗಲ್ಲ ಎಂದು ನಾನು ನಂಬುತ್ತೇನೆ. ಗಡಿಯಲ್ಲಿ ನಿಂತು ಬಂದವರು ನೀವು. ನಿಮ್ಮ ಮನಸ್ಸು ಏನು ಹೇಳುತ್ತದೋ ಅದೇ ಸರಿ. ಹೋಗದಿರಲು ತೀರ್ಮಾನಿಸಿದರೂ ಅದಕ್ಕೆ ಯಾರಿಗೂ ಕಾರಣ ಕೊಡಬೇಕಾಗಿಲ್ಲ.

ವೀಸಾ ನಿರಾಕರಿಸಿದರೆ? ಚೀನಾದ ಕಾನೂನಿನಲ್ಲಿ ಅವರು ಕಾರಣ ಹೇಳಬೇಕಾಗಿಲ್ಲ. ಜಗಳ ಬೇಡ. ಕಾಗದದಲ್ಲಿ ನಿಜವಾದ ಕೊರತೆ ಇದ್ದರೆ ಸರಿಪಡಿಸಿ ಮತ್ತೆ ಹಾಕಬಹುದು. ಮುಂದೆ ಯಾವ ದೇಶದ ಫಾರ್ಮ್‌ನಲ್ಲಾದರೂ ‘ಹಿಂದೆ ನಿರಾಕರಣೆ ಆಗಿದೆಯಾ’ ಎಂದು ಕೇಳಿದರೆ ಹೌದು ಎಂದೇ ಬರೆಯಿರಿ.

ಕೊನೆಗೆ ನಿಮ್ಮ ಹೆಂಡತಿಯವರ ಪ್ರಶ್ನೆ. ಬೈಲುಕುಪ್ಪೆ ನಿಮ್ಮ ಪಕ್ಕದಲ್ಲೇ ಇದೆ. 1960ರ ದಶಕದ ಆರಂಭದಿಂದ ಟಿಬೆಟಿಯನ್ನರು ಅಲ್ಲಿದ್ದಾರೆ. ಗೋಲ್ಡನ್ ಟೆಂಪಲ್ ನೋಡುತ್ತಾ ಇರುವವರಿಗೆ ಲಾಸಾ ನೋಡಬೇಕು ಎನ್ನಿಸುವುದು ಸಹಜ. ಆದರೆ ಈ ಪ್ರವಾಸದಲ್ಲಿ ಟಿಬೆಟ್ ಸೇರಿಸಬೇಡಿ. ಚೀನಾ ವೀಸಾ ಇದ್ದರೂ ಟಿಬೆಟ್‌ಗೆ ಬೇರೆ ಪರ್ಮಿಟ್ ಬೇಕು. ಅದು ಅಲ್ಲಿನ ಟ್ರಾವೆಲ್ ಏಜೆನ್ಸಿ ಮೂಲಕವೇ ಸಿಗುತ್ತದೆ, ಗೈಡ್ ಇಲ್ಲದೆ ಓಡಾಡುವಂತಿಲ್ಲ. ನಿಮ್ಮ ಸೇನಾ ಹಿನ್ನೆಲೆಯ ಅರ್ಜಿಯಲ್ಲಿ ಟಿಬೆಟ್ ಎಂಬ ಹೆಸರು ಸೇರಿದರೆ ಪ್ರಶ್ನೆಗಳು ಹೆಚ್ಚಾಗುವ ಸಾಧ್ಯತೆ ಇದೆ. ಹಾಗೆಂದು ಟಿಬೆಟ್‌ಗೆ ಹೋಗುವುದೇ ಇದ್ದು ಫಾರ್ಮ್‌ನಲ್ಲಿ ಬಿಡುವುದೂ ಸರಿಯಲ್ಲ. ನಿಜವಾಗಿಯೂ ಬೀಜಿಂಗ್, ಶಾಂಘೈ ಮಾತ್ರ ಮಾಡಿ ಬನ್ನಿ. ದಲೈಲಾಮಾ ಅವರ ಫೋಟೊ ಬ್ಯಾಗಿನಲ್ಲೋ ಫೋನಿನಲ್ಲೋ ಇಟ್ಟುಕೊಂಡು ಹೋಗಬೇಡಿ. ಮನೆಯಲ್ಲಿ ಇರಲಿ, ಅದಕ್ಕೇನೂ ತೊಂದರೆ ಇಲ್ಲ.

ಕೈಲಾಸಕ್ಕೆ ನೇರ ದಾರಿ ನಮ್ಮ ಸರ್ಕಾರದ್ದೇ ಇದೆ. ಐದು ವರ್ಷ ನಿಂತಿದ್ದ ಕೈಲಾಸ ಮಾನಸ ಸರೋವರ ಯಾತ್ರೆ 2025ರ ಜೂನ್‌ನಲ್ಲಿ ಮತ್ತೆ ಶುರುವಾಯಿತು. ಆ ವರ್ಷ ಲಿಪುಲೇಖ್ ಮೂಲಕ 50 ಜನರ ಐದು ತಂಡ, ನಾಥು ಲಾ ಮೂಲಕ 50 ಜನರ ಹತ್ತು ತಂಡ ಎಂದು ಗೊತ್ತುಮಾಡಿದ್ದರು. ವಿದೇಶಾಂಗ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಅರ್ಜಿ, ಕಂಪ್ಯೂಟರ್ ಲಾಟರಿಯಲ್ಲಿ ಆಯ್ಕೆ. ವಯಸ್ಸು 18ರಿಂದ 70ರ ಒಳಗಿರಬೇಕು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಮೀರಬಾರದು, ದೆಹಲಿಯಲ್ಲಿ ವೈದ್ಯಕೀಯ ಪರೀಕ್ಷೆ ಆಗುತ್ತದೆ. ತಂಡದ ವೀಸಾ ವ್ಯವಸ್ಥೆಯನ್ನು ಸರ್ಕಾರವೇ ನೋಡಿಕೊಳ್ಳುವುದರಿಂದ ಮುಂಬೈಗೆ ಓಡುವ ತಾಪತ್ರಯ ಇಲ್ಲ. 2025ರಲ್ಲಿ ಅರ್ಜಿ ಕರೆದದ್ದು ಏಪ್ರಿಲ್ ಕೊನೆಯಲ್ಲಿ. ನಿಮ್ಮ ಹೆಂಡತಿಯವರು ಈಗಿನಿಂದಲೇ ದಿನಾ ಬೆಳಿಗ್ಗೆ ತೋಟದ ಏರುದಾರಿಯಲ್ಲಿ ನಡೆಯಲು ಶುರು ಮಾಡಲಿ, ಪಾಸ್‌ಪೋರ್ಟ್ ಅವಧಿ ನೋಡಿಕೊಳ್ಳಲಿ. ಅರ್ಜಿ ಕರೆದ ವಾರವೇ ತುಂಬಲಿ.